ಏಕಾಂಕ ಉತ್ಸವಕ್ಕೆ ಹೊಸ ನಾಟಕ: ಕೊಡಗಿನ ಬರಹಗಾರರಿಗೊಂದು ಕೈಪಿಡಿ

ನಾಟಕ ಬರೆದು ಮುಗಿಸಿದವರು ಕೇಳುವ ಮೊದಲ ಪ್ರಶ್ನೆ, "ಇದನ್ನು ಯಾವ ತಂಡಕ್ಕೆ ಕೊಡಲಿ?" ಅದಕ್ಕಿಂತ ಮುಂಚೆ ಕೇಳಿಕೊಳ್ಳಬೇಕಾದದ್ದು ಬೇರೆ ಇದೆ. ಇದನ್ನು ಎಲ್ಲಿ ಆಡುತ್ತಾರೆ, ಯಾವ ತಿಂಗಳಲ್ಲಿ, ಎಷ್ಟು ಜನ, ಎಷ್ಟು ನಿಮಿಷ? ಏಕಾಂಕ ಉತ್ಸವವೆಂದರೆ ಒಂದೇ ಸಂಜೆ ಮೂರು ನಾಲ್ಕು ತಂಡಗಳು ಒಂದೇ ರಂಗ, ಒಂದೇ ಬೆಳಕಿನ ಸಾಮಾನು, ಒಂದೇ ಗ್ರೀನ್ ರೂಮು ಹಂಚಿಕೊಂಡು ಸುಧಾರಿಸುವ ಏರ್ಪಾಡು. ಅಲ್ಲಿ ಒಳ್ಳೆಯ ನಾಟಕವೂ ಸೋಲುವುದುಂಟು. ಸಾಮಾನು ಹೆಚ್ಚಾಗಿ, ದೃಶ್ಯ ಹೆಚ್ಚಾಗಿ, ಎಲ್ಲಕ್ಕಿಂತ ಮಾತು ಹೆಚ್ಚಾಗಿ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹಸ್ತಪ್ರತಿ ಬರೆದು ಮುಗಿಸಿದ ದಿನ ನಾಟಕಕಾರರ ಅರ್ಧ ಕೆಲಸವಷ್ಟೇ ಮುಗಿದಿರುತ್ತದೆ. ಉಳಿದರ್ಧ ಕಡಿಯುವುದು, ಆಮೇಲೆ ಸುಮ್ಮನಿರುವುದು. ಎರಡನೆಯದೇ ಕಷ್ಟ.

ನಿಯಮಾವಳಿಯನ್ನು ಬರೆಯುವ ಮುಂಚೆ ಓದಿ

ಹೆಚ್ಚಿನವರು ನಿಯಮಾವಳಿಯನ್ನು ಅರ್ಜಿ ತುಂಬುವ ದಿನ ಓದುತ್ತಾರೆ. ಅಷ್ಟರಲ್ಲಿ ನಾಟಕದಲ್ಲಿ ಹದಿನಾಲ್ಕು ಪಾತ್ರ ಬಂದು ಕೂತಿರುತ್ತವೆ. ಮಿತಿಗಳು ಒಂದೊಂದು ಕಡೆ ಒಂದೊಂದು ರೀತಿ. ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಯುವಜನೋತ್ಸವಗಳಲ್ಲಿ ಏಕಾಂಕಕ್ಕೆ 30 ನಿಮಿಷ, ರಂಗದ ಮೇಲೆ 9 ಜನಕ್ಕಿಂತ ಹೆಚ್ಚಿಲ್ಲ. ಊರಿನ ಸಂಘ ಸಂಸ್ಥೆಗಳ ಉತ್ಸವದಲ್ಲಿ 40, 45 ನಿಮಿಷವೂ ಸಿಗಬಹುದು. ಸಂಖ್ಯೆಗಿಂತ ಮುಖ್ಯವಾದ ಪ್ರಶ್ನೆ, ಗಡಿಯಾರ ಯಾವಾಗ ಶುರುವಾಗುತ್ತದೆ ಎಂಬುದು. ಪರದೆ ಸರಿದಾಗಲೋ, ನಿರೂಪಕರು ತಂಡದ ಹೆಸರು ಹೇಳಿದಾಗಲೋ, ಹಿಂದಿನ ತಂಡ ರಂಗ ಬಿಟ್ಟುಕೊಟ್ಟಾಗಲೋ? ಸೆಟ್ ಕಟ್ಟುವ ಸಮಯ ಅದರಲ್ಲಿ ಸೇರಿದ್ದರೆ ನಿಮ್ಮ 30 ನಿಮಿಷದ ನಾಟಕ 22 ನಿಮಿಷಕ್ಕೆ ಇಳಿಯುತ್ತದೆ. ಫೋನ್ ಮಾಡಿ ಕೇಳಿ. ಸಂಘಟಕರಿಗೂ ಇದು ಗೊತ್ತಿಲ್ಲದಿದ್ದರೆ ಅವರೂ ಆ ದಿನವೇ ಕೂತು ತೀರ್ಮಾನಿಸಿಕೊಳ್ಳುತ್ತಾರೆ, ಒಳ್ಳೆಯದೇ ಆಯಿತು.

ಇನ್ನೆರಡು ವಿಷಯ. ಕೃತಿ ಸ್ವಂತದ್ದಾಗಿರಬೇಕೆ, ಈ ಮೊದಲು ಪ್ರದರ್ಶನವಾಗಿರಬಾರದೆ ಎಂದು ನೋಡಿ. ಪ್ರದರ್ಶನ ಬಯಲಿನಲ್ಲಾದರೆ ರಾತ್ರಿ 10ರ ನಂತರ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ಕಾನೂನಿನ ತಡೆಯಿದೆ ಎಂಬುದು ನೆನಪಿರಲಿ. ಉದ್ಘಾಟನೆಯ ಭಾಷಣ ಎಷ್ಟು ಹೊತ್ತು ಎಂಬುದಕ್ಕೆ ಮಾತ್ರ ನಮ್ಮಲ್ಲಿ ಯಾವ ನಿಯಮಾವಳಿಯೂ ಇಲ್ಲ. ಹಾಗಾಗಿ ಸಂಜೆಯ ಕೊನೆಯ ನಾಟಕವೇ ಸಾಮಾನ್ಯವಾಗಿ ಓಟಕ್ಕೆ ಬೀಳುತ್ತದೆ. ಚೀಟಿ ಎತ್ತುವಾಗ ನಿಮಗೆ ಆ ಸರದಿಯೇ ಬರಬಹುದೆಂದು ಎಣಿಸಿಕೊಂಡು ಬರೆಯಿರಿ.

ತಿಂಗಳು ನೋಡಿಕೊಂಡು ತಂಡ ಕಟ್ಟಿ

ಬೆಂಗಳೂರಿನಲ್ಲಿ ತಾಲೀಮಿನ ಶತ್ರು ಟ್ರಾಫಿಕ್ಕಾದರೆ ಇಲ್ಲಿ ಕ್ಯಾಲೆಂಡರ್. ನವೆಂಬರ್‌ನಿಂದ ಅರೇಬಿಕಾ ಕೊಯ್ಲು, ಅದರ ಬಾಲ ಹಿಡಿದು ರೋಬಸ್ಟಾ, ಮಾರ್ಚ್‌ವರೆಗೂ ತೋಟದವರಿಗೆ ಪುರುಸೊತ್ತಿಲ್ಲ. ಕೆಲಸಕ್ಕೆ ಹೋಗುವವರಿಗೂ ಇಲ್ಲ, ಕೆಲಸ ಮಾಡಿಸುವವರಿಗೂ ಇಲ್ಲ. ನಡುವೆ ಸುಗ್ಗಿಯ ಹಬ್ಬ ಹುತ್ತರಿ ಬರುತ್ತದೆ. ಕಾಫಿ ಹೂಬಿಡಿಸುವ ಹೂಮಳೆ ಬಿದ್ದ ಮೇಲೆ ಸ್ವಲ್ಪ ಉಸಿರು ಸಿಕ್ಕಿತೆನ್ನುವಷ್ಟರಲ್ಲಿ ಏಪ್ರಿಲ್, ಮೇ: ಮದುವೆಗಳು, ಜೊತೆಗೆ 1997ರಿಂದ ನಡೆದುಬಂದಿರುವ ಕೊಡವ ಕೌಟುಂಬಿಕ ಹಾಕಿ. ಆ ಎರಡು ತಿಂಗಳು ಸಭಾಂಗಣವೂ ಸಿಗದು, ಹುಡುಗರೂ ಸಿಗರು. ಸೆಪ್ಟೆಂಬರ್ ಮೊದಲ ವಾರ ಆಯುಧಪೂಜೆಯ ಹಬ್ಬ ಕೈಲ್‌ಪೊಳ್ದ್, ಅಕ್ಟೋಬರ್‌ನಲ್ಲಿ ದಸರಾ, ತುಲಾ ಸಂಕ್ರಮಣ. ದಸರಾ ಹೊತ್ತಿಗೆ ಮಡಿಕೇರಿಯ ಯುವಕರೆಲ್ಲ ಮೆರವಣಿಗೆಯ ಮಂಟಪದ ಕೆಲಸದಲ್ಲಿರುತ್ತಾರೆ. ನಿಮ್ಮ ಬೆಳಕಿನವನೂ, ಬಡಗಿಯೂ, ಬಣ್ಣದವನೂ ಅಲ್ಲೇ.

ಉಳಿಯುವುದು ಮಳೆಗಾಲ. ಅನೇಕರು ಅದನ್ನು ಬೇಡವೆನ್ನುತ್ತಾರೆ. ನನ್ನ ಲೆಕ್ಕದಲ್ಲಿ ತಾಲೀಮಿಗೆ ಅದೇ ಒಳ್ಳೆಯ ಕಾಲ. ಸಂಜೆ ಯಾರಿಗೂ ಬೇರೆಲ್ಲೂ ಹೋಗುವ ಕೆಲಸವಿರುವುದಿಲ್ಲ. ಶಾಲೆಯ ಕೋಣೆಯೋ ಸಮುದಾಯ ಭವನವೋ ಖಾಲಿ ಬಿದ್ದಿರುತ್ತದೆ. ಕರೆಂಟು ಹೋಗುತ್ತದೆ, ನಿಜ. ಒಂದು ಎಮರ್ಜೆನ್ಸಿ ಲೈಟ್ ಇಟ್ಟುಕೊಂಡರೆ ಮಾತಿನ ತಾಲೀಮಿಗೆ ಅಡ್ಡಿಯಿಲ್ಲ.

ಸಮಯವನ್ನು ಮಾತ್ರ ಊರು ನೋಡಿ ಗೊತ್ತುಮಾಡಿ. ಸಿದ್ದಾಪುರ, ತಿತಿಮತಿ, ಮಾಲ್ದಾರೆ ಕಡೆಯಿಂದ ಬರುವವರಿದ್ದರೆ ಕತ್ತಲಾದ ಮೇಲೆ ಬೈಕಿನಲ್ಲಿ ಒಬ್ಬೊಬ್ಬರನ್ನೇ ಕಳಿಸಬೇಡಿ. ಆನೆ ರಸ್ತೆಗೆ ಬರುವ ಹೊತ್ತು ಅದು. ಆ ಕಡೆಯವರ ದೃಶ್ಯಗಳನ್ನು ಮೊದಲು ಮುಗಿಸಿ ಕೊನೆಯ ಬಸ್ಸಿಗೆ ಬಿಡಿ, ಇಲ್ಲವೇ ಜೀಪಿನಲ್ಲಿ ಒಟ್ಟಿಗೆ ಕಳಿಸಿ. ಭಾನುವಾರ ಬೆಳಿಗ್ಗೆ ಮೂರು ಗಂಟೆ ಕೂತರೆ ವಾರದ ನಡುವಿನ ಎರಡು ಹರಕು ಸಂಜೆಗಳಿಗಿಂತ ಹೆಚ್ಚು ಕೆಲಸವಾಗುತ್ತದೆ.

ಒಂದು ಜಾಗ, ಒಂದು ಹೊತ್ತು, ಒಂದು ಜಗಳ

ಇನ್ನು ಬರವಣಿಗೆ. ಮಾತಿಗೊಂದು ನಾಟಕ ಇಟ್ಟುಕೊಳ್ಳೋಣ. ಕಾಫಿ ತೋಟದ ಕಣ, ಸಂಜೆ, ಹಣ್ಣು ತೂಗುವ ಹೊತ್ತು. ತೋಟದ ಲೆಕ್ಕ ಬರೆಯುವ ರೈಟರು, ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ, ಹಣ್ಣು ಕುಯ್ಯುವ ಒಬ್ಬ ಹೆಂಗಸು, ಕಾಲೇಜಿಗೆ ಹೋಗುವ ಅವಳ ಮಗಳು. ತೂಕದಲ್ಲಿ ನಾಲ್ಕು ಕಿಲೋ ಕಡಿಮೆ ಬಂದಿದೆ ಎಂದು ಹೆಂಗಸಿಗೆ ಅನುಮಾನ. ಇಷ್ಟೇ.

ಇದರಲ್ಲಿ ಏಕಾಂಕಕ್ಕೆ ಬೇಕಾದ್ದೆಲ್ಲ ಇದೆ. ಸೆಟ್ ಎಂದರೆ ಒಂದು ತಕ್ಕಡಿ, ನಾಲ್ಕು ಚೀಲ, ಒಂದು ಮೇಜು, ಲೆಕ್ಕದ ಪುಸ್ತಕ. ಐದು ನಿಮಿಷದಲ್ಲಿ ಇಡಬಹುದು, ಮೂರು ನಿಮಿಷದಲ್ಲಿ ಎತ್ತಬಹುದು. ಕತ್ತಲಾಗುವುದರೊಳಗೆ ತೂಕ ಮುಗಿಯಬೇಕು, ಹಾಗಾಗಿ ಆತುರವನ್ನು ನೀವು ಕಟ್ಟಬೇಕಿಲ್ಲ, ಸನ್ನಿವೇಶವೇ ಕಟ್ಟಿಕೊಡುತ್ತದೆ. ತೋಟದ ಯಜಮಾನ ರಂಗಕ್ಕೆ ಬರುವುದೇ ಬೇಡ. ಅವನ ಜೀಪಿನ ಸದ್ದು ಬಂದರೆ ಸಾಕು, ನಾಲ್ವರ ನಿಲುವೂ ಬದಲಾಗುತ್ತದೆ. ಇದೇ ಕಥೆಯನ್ನು ಮೊದಲು ಕೆಲಸದವರು ಇರುವ ಲೈನ್‌ಮನೆ, ಆಮೇಲೆ ಕಣ, ಆಮೇಲೆ ಯಜಮಾನನ ಬಂಗಲೆ ಎಂದು ಮೂರು ದೃಶ್ಯಗಳಾಗಿ ಬರೆದರೆ ನಡುವೆ ಎರಡು ಸಲ ಬೆಳಕು ಆರಿಸಿ, ಕತ್ತಲಲ್ಲಿ ಕುರ್ಚಿ ಎಳೆದಾಡಿ, ಪ್ರೇಕ್ಷಕರು ಫೋನ್ ತೆಗೆಯುವಂತೆ ಮಾಡಬೇಕಾಗುತ್ತದೆ. ಏಕಾಂಕದಲ್ಲಿ ಪ್ರತಿಯೊಂದು ಕತ್ತಲೂ ದುಬಾರಿ.

ಹೊಸಬರ ಹಸ್ತಪ್ರತಿಯಲ್ಲಿ ಸಾಮಾನ್ಯವಾಗಿ ಕಾಣುವ ಮಾತು ಹೀಗಿರುತ್ತದೆ:

ರೈಟರ್: ನೋಡಮ್ಮಾ, ನೀನು ಈ ತೋಟಕ್ಕೆ ಬಂದು ಹನ್ನೆರಡು ವರ್ಷವಾಯಿತು. ನಿನ್ನ ಗಂಡ ತೀರಿಕೊಂಡ ಮೇಲೂ ಸಾಹುಕಾರರು ನಿನ್ನನ್ನು ಲೈನ್‌ಮನೆಯಲ್ಲಿ ಇರಗೊಟ್ಟರು. ಅಂಥದ್ದರಲ್ಲಿ ಇಂದು ನೀನು ನನ್ನ ತಕ್ಕಡಿಯ ಮೇಲೆ ಅನುಮಾನ ಪಡುತ್ತೀಯಾ?

ಹನ್ನೆರಡು ವರ್ಷದ ವಿಷಯ ಆ ಹೆಂಗಸಿಗೆ ಗೊತ್ತಿಲ್ಲವೇ? ಗೊತ್ತಿದೆ. ರೈಟರು ಮಾತಾಡುತ್ತಿರುವುದು ಅವಳ ಜೊತೆಯಲ್ಲ, ಮೂರನೇ ಸಾಲಿನಲ್ಲಿ ಕೂತ ನಮ್ಮ ಜೊತೆ. ಅದನ್ನೇ ಹೀಗೆ ಮಾಡಿ ನೋಡಿ:

ರೈಟರ್: ನಲವತ್ತೆರಡು.
ಹೆಂಗಸು: ಇನ್ನೊಂದ್ಸಲ ನೋಡಿ ರೈಟ್ರೇ.
ರೈಟರ್: (ತಕ್ಕಡಿ ನೋಡದೆ, ಬರೆಯುತ್ತಾ) ನಲವತ್ತೆರಡು.
ಹೆಂಗಸು: ನಿನ್ನೆನೂ ಇದೇ ಚೀಲ. ನಲವತ್ತಾರಿತ್ತು.
ರೈಟರ್: ಮಗಳ ಪರೀಕ್ಷೆ ಯಾವಾಗ ಅಂದೆ?
ಹೆಂಗಸು: ...ಮಾರ್ಚ್‌ಗೆ.
ರೈಟರ್: ಅಲ್ಲೀವರೆಗೂ ಮನೆ ಬೇಕಲ್ಲ.

ಲೈನ್‌ಮನೆ, ಕೆಲಸ, ಬೆದರಿಕೆ ಮೂರೂ ಬಂದವು. ಯಾರೂ ಯಾರಿಗೂ ಇತಿಹಾಸ ಹೇಳಲಿಲ್ಲ. "ತಕ್ಕಡಿ ನೋಡದೆ" ಎಂಬ ಎರಡು ಪದದ ಸೂಚನೆಯೇ ಆ ದೃಶ್ಯದ ಮುಖ್ಯ ಮಾತು, ಅದನ್ನು ನಟ ಆಡುತ್ತಾನೆ, ಹೇಳುವುದಿಲ್ಲ.

ಇನ್ನೊಂದು ಅನುಕೂಲ ನಮಗಿದೆ, ಹೊರಗಿನವರಿಗಿಲ್ಲ. ಈ ನೆಲದ ಪ್ರೇಕ್ಷಕರಿಗೆ ಮಾತಿಲ್ಲದೆ ತಿಳಿಯುವ ಸಂಗತಿಗಳು ಬಹಳ. ಕೊಡವರಲ್ಲಿ ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಬೆನ್ನುಬೆನ್ನಿಗೆ ಎರಡು. ನೇಪಥ್ಯದಲ್ಲಿ ಎರಡು ಗುಂಡು ಹಾರಿದರೆ ಪೊನ್ನಂಪೇಟೆಯಲ್ಲಾಗಲಿ ನಾಪೋಕ್ಲುವಿನಲ್ಲಾಗಲಿ ಸಭೆಯಲ್ಲಿ ಅರ್ಧದಷ್ಟು ಜನ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. ಓಡಿಬಂದು "ಅಜ್ಜ ಹೋಗ್ಬಿಟ್ರು" ಎಂದು ಕೂಗುವ ಪಾತ್ರವೇ ಬೇಡ. ಆದರೆ ಸದ್ದು ಸರಿಯಾಗಿರಬೇಕು. ಮೊಬೈಲಿನಿಂದ ಇಳಿಸಿಕೊಂಡ ಸಿನಿಮಾ ಗುಂಡಿನ ಸದ್ದು ಹಾಕಿದಿರೋ, ಮನೆಯಲ್ಲಿ ಕೋವಿ ಇಟ್ಟುಕೊಂಡವರು ತುಂಬಿದ ಸಭೆ ನಗುತ್ತದೆ. ಬಯಲಿನಲ್ಲಿ, ದೂರದಿಂದ ಕೇಳಿಸುವಂಥದ್ದನ್ನು ನೀವೇ ರೆಕಾರ್ಡ್ ಮಾಡಿಸಿಕೊಳ್ಳಿ. ರಂಗದ ಮೇಲೆ ಅಸಲಿ ಕೋವಿ ತರುವುದಂತೂ ಬೇಡವೇ ಬೇಡ. ಮನೆಯಲ್ಲಿ ಇಟ್ಟುಕೊಳ್ಳಲು ಕೊಡವರಿಗೆ ಕಾನೂನಿನ ವಿನಾಯಿತಿ ಇದೆ ಎಂಬುದು ಬೇರೆ ಮಾತು. ಮರದ್ದು ಮಾಡಿಸಿ.

ಕೊಡವ ಗಂಡಸರ ಸಾಂಪ್ರದಾಯಿಕ ಉಡುಪಾದ ಕುಪ್ಯಚೇಲೆ, ಅದರೊಂದಿಗೆ ಧರಿಸುವ ಪೀಚೆಕತ್ತಿ ಬರುವ ನಾಟಕವಾದರೆ ಉಡುವ ಕ್ರಮವನ್ನು ತಿಳಿದ ಹಿರಿಯರಿಂದ ಕಲಿತೇ ಉಡಿಸಿ. ಅದು ಗೌರವದ ಉಡುಪು. ಹಾಸ್ಯಕ್ಕೆ ಬಳಸಿದರೆ ನಾಟಕದ ಬಗ್ಗೆ ಆಮೇಲೆ ಯಾರೂ ಮಾತಾಡುವುದಿಲ್ಲ, ಉಡುಪಿನ ಬಗ್ಗೆಯೇ ಮಾತಾಡುತ್ತಾರೆ. ಇನ್ನು 2018ರ ಆಗಸ್ಟಿನ ಭೂಕುಸಿತದ ಮೇಲೆ ಬರೆಯುವವರಿಗೆ: ಬರೆಯಿರಿ, ಬರೆಯಲೇಬೇಕಾದ ವಿಷಯ. ಆದರೆ ಸಭೆಯಲ್ಲಿ ಮನೆ ಕಳೆದುಕೊಂಡವರೇ ಕೂತಿರಬಹುದು. ಗುರುತು ಸಿಗುವ ಮನೆತನ, ಗುರುತು ಸಿಗುವ ಸಾವು ಬೇಡ. ಗುಡ್ಡ ಜರಿಯುವುದನ್ನು ಸ್ಪೀಕರಿನಲ್ಲಿ ಗುಡುಗಿಸಿ ತೋರಿಸುವುದಕ್ಕಿಂತ, ಆರು ತಿಂಗಳ ನಂತರ ಬಾಡಿಗೆ ಮನೆಯಲ್ಲಿ ಪಹಣಿ ಹುಡುಕುವ ಇಬ್ಬರು ಅಣ್ಣತಮ್ಮಂದಿರನ್ನು ಕೂರಿಸಿದರೆ ನಾಟಕವಾಗುತ್ತದೆ.

ಯಾವ ಭಾಷೆಯಲ್ಲಿ?

ಕೊಡಗಿನ ಒಂದು ಸಭೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಬ್ಯಾರಿ, ಯರವ, ಕುರುಬ ಭಾಷೆಗಳನ್ನಾಡುವವರು ಒಟ್ಟಿಗೆ ಕೂತಿರುತ್ತಾರೆ. ಎಲ್ಲರಿಗೂ ಕನ್ನಡ ಬರುತ್ತದೆ, ಬಹಳ ಜನರಿಗೆ ಅದು ಮನೆಯ ಮಾತಲ್ಲ. ಬರಹಗಾರನಿಗೆ ಇದು ತೊಡಕಲ್ಲ, ಸಂಪತ್ತು. ಹರದಾಸ ಅಪ್ಪಚ್ಚಕವಿ (1868–1944) ಕೊಡವ ತಕ್ಕ್‌ನಲ್ಲೇ ನಾಟಕ ಬರೆದು ಆಡಿಸಿದ ಜಿಲ್ಲೆ ಇದು.

ನಾನು ಅನುಸರಿಸುವ ಸೂತ್ರ ಸರಳ. ಕಥೆ ಮುಂದುವರಿಯಲು ತಿಳಿಯಲೇಬೇಕಾದ ಮಾಹಿತಿ ಕನ್ನಡದಲ್ಲಿರಲಿ. ಕೋಪ, ಸಂಕಟ, ಬೈಗುಳ, ಲಾಲಿ ಆಯಾ ಪಾತ್ರದ ಮನೆಮಾತಿನಲ್ಲಿರಲಿ. ಕಣದ ನಾಟಕದಲ್ಲಿ ತಾಯಿ ಮಗಳು ತಮ್ಮಲ್ಲೇ ಮಾತಾಡಿಕೊಳ್ಳುವಾಗ ಯರವದಲ್ಲೋ ತುಳುವಿನಲ್ಲೋ ಆಡಿಕೊಂಡು, ರೈಟರು ತಿರುಗಿದ ಕೂಡಲೇ ಕನ್ನಡಕ್ಕೆ ಬಂದರೆ, ಆ ಬದಲಾವಣೆಯೇ ಯಾರಿಗೆ ಯಾರ ಭಯ ಎಂದು ಹೇಳಿಬಿಡುತ್ತದೆ. ಆ ಸಾಲುಗಳನ್ನು ನೀವು ಕಲ್ಪಿಸಿ ಬರೆಯಬೇಡಿ. ಆ ಭಾಷೆಯವರನ್ನು ಕೂರಿಸಿಕೊಂಡು ಸನ್ನಿವೇಶ ಹೇಳಿ, ಅವರು ಹೇಳಿದಂತೆ ಬರೆದುಕೊಳ್ಳಿ, ಕರಪತ್ರದಲ್ಲಿ ಅವರ ಹೆಸರು ಹಾಕಿ.

ಒಂದು ಚಾಳಿ ಮಾತ್ರ ಬಿಡಬೇಕು. ಬೇರೆ ಮನೆಮಾತಿನವರು ಕನ್ನಡವನ್ನು ತಪ್ಪಾಗಿ ಆಡುವುದನ್ನೇ ಹಾಸ್ಯವೆಂದು ಇಟ್ಟು ಚಪ್ಪಾಳೆ ಗಿಟ್ಟಿಸುವುದು. ಚಪ್ಪಾಳೆ ಬರುತ್ತದೆ, ಅದೇ ತೊಂದರೆ.

ಇಡೀ ನಾಟಕವನ್ನು ಕೊಡವ ತಕ್ಕ್ ಅಥವಾ ಅರೆಭಾಷೆಯಲ್ಲೇ ಬರೆಯುವವರು ಮಡಿಕೇರಿಯಲ್ಲಿರುವ ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿಗಳನ್ನು ವಿಚಾರಿಸಿ. ಉತ್ಸವದ ಸಂಘಟಕರು ಆ ಭಾಷೆಗೆ ಒಪ್ಪುತ್ತಾರೆಯೇ ಎಂದೂ ಮೊದಲೇ ಕೇಳಿ, ತೀರ್ಪುಗಾರರಿಗೆ ಕೊಡಲು ಕನ್ನಡದಲ್ಲಿ ಒಂದು ಪುಟದ ಸಾರಾಂಶ ಸಿದ್ಧವಿರಲಿ.

ತಂಡಕ್ಕೆ ಕೊಡುವ ಮುಂಚೆ ಗಟ್ಟಿಯಾಗಿ ಓದಿಸಿ

ಪುಟ ಎಣಿಸಿ ನಿಮಿಷ ಲೆಕ್ಕ ಹಾಕಬೇಡಿ. ನಾಲ್ಕು ಜನರನ್ನು ಕೂರಿಸಿ ಓದಿಸಿ, ಗಡಿಯಾರ ಹಿಡಿಯಿರಿ. ಓದಿನ ಸಮಯಕ್ಕೆ ನಡೆದಾಟ, ಮೌನ, ಚೀಲ ಎತ್ತಿ ಇಳಿಸುವುದು ಸೇರಿದರೆ ಪ್ರದರ್ಶನ ಅದಕ್ಕಿಂತ ಖಂಡಿತ ಉದ್ದವಾಗುತ್ತದೆ. ಜನ ನಕ್ಕರೆ ಇನ್ನಷ್ಟು. 30 ನಿಮಿಷದ ಮಿತಿಯಿದ್ದರೆ ಓದು 22, 23ರಲ್ಲಿ ಮುಗಿಯಲಿ.

ನೀವು ಓದಬೇಡಿ. ನೀವು ಓದಿದರೆ ಸತ್ತ ಸಾಲಿಗೂ ಜೀವ ಬರುತ್ತದೆ, ಯಾಕೆಂದರೆ ಅದು ಹೇಗೆ ಕೇಳಿಸಬೇಕೆಂದು ನಿಮಗೊಬ್ಬರಿಗೇ ಗೊತ್ತು. ಓದುವವರು ಎಲ್ಲಿ ಎಡವಿದರು ಎಂದು ಗುರುತು ಹಾಕಿ. ಒಂದೇ ವಾಕ್ಯದಲ್ಲಿ ಇಬ್ಬರು ಎಡವಿದರೆ ಆ ವಾಕ್ಯ ಕಣ್ಣಿಗೆ ಬರೆದದ್ದು, ಬಾಯಿಗಲ್ಲ. ಕೇಳುವವರಲ್ಲಿ ಒಬ್ಬರಾದರೂ ನಾಟಕದ ಗಂಧವಿಲ್ಲದವರು ಇರಲಿ. ಮುಗಿದ ಮೇಲೆ "ಹೇಗಿತ್ತು?" ಎನ್ನಬೇಡಿ, "ಚೆನ್ನಾಗಿತ್ತು" ಎನ್ನುತ್ತಾರೆ, ಕಾಫಿ ಕುಡಿದು ಹೋಗುತ್ತಾರೆ. "ರೈಟರು ಯಾಕೆ ಹಾಗೆ ಮಾಡಿದ?" ಎಂದು ಕೇಳಿ. ಉತ್ತರ ಹೇಳಲು ತಡವರಿಸಿದರೆ ಎಲ್ಲೋ ಒಂದು ಕೊಂಡಿ ಬಿಟ್ಟಿದೆ ಎಂದರ್ಥ.

ಕಾಗದಪತ್ರ

ಇದು ಬೇಸರದ ಭಾಗ, ಬೇಗ ಮುಗಿಸೋಣ. ಬರೆದ ಕ್ಷಣದಿಂದ ಕೃತಿಸ್ವಾಮ್ಯ ನಿಮ್ಮದು. 1957ರ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯವಲ್ಲ. ಮುಂದೆ ತಕರಾರು ಬಂದೀತೆಂಬ ಅಂಜಿಕೆಯಿದ್ದರೆ 500 ರೂಪಾಯಿ ಶುಲ್ಕ ಕಟ್ಟಿ ಆನ್‌ಲೈನಿನಲ್ಲೇ ನೋಂದಾಯಿಸಬಹುದು. ಕನಿಷ್ಠ, ದಿನಾಂಕವಿರುವ ಒಂದು ಪ್ರತಿಯನ್ನು ನಿಮಗೆ ನೀವೇ ಇಮೇಲ್ ಮಾಡಿಟ್ಟುಕೊಳ್ಳಿ.

ಕಥೆಯೊಂದನ್ನು ರೂಪಾಂತರ ಮಾಡಿದ್ದರೆ ಹಕ್ಕು ನೋಡಲೇಬೇಕು. ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಕೊಡಗಿನ ಗೌರಮ್ಮ 1939ರಲ್ಲಿ ತೀರಿಕೊಂಡರು, ಅವರ ಕಥೆಗಳನ್ನು ಈಗ ಯಾರು ಬೇಕಾದರೂ ನಾಟಕವಾಗಿಸಬಹುದು, ಮೂಲದ ಹೆಸರು ಹೇಳುವುದು ಮರ್ಯಾದೆ. ಭಾರತೀಸುತರು ತೀರಿಕೊಂಡದ್ದು 1976ರಲ್ಲಿ. ಅವರ ಕೃತಿಗಳಿಗೆ 2036ರ ಕೊನೆಯವರೆಗೂ ಹಕ್ಕುದಾರರ ಒಪ್ಪಿಗೆ ಬೇಕು. ಫೋನಿನಲ್ಲಿ "ಮಾಡಿಪ್ಪಾ" ಎಂದದ್ದು ಸಾಲದು, ಒಂದು ಪತ್ರ ತರಿಸಿಕೊಳ್ಳಿ.

ಹಸ್ತಪ್ರತಿ ಕಳಿಸುವಾಗ ಪಿಡಿಎಫ್ ಮಾಡಿಯೇ ಕಳಿಸಿ. ಹಳೆಯ 'ನುಡಿ' ತಂತ್ರಾಂಶದ ಅಕ್ಷರದಲ್ಲಿ ಟೈಪ್ ಮಾಡಿದ ಕಡತ, ಆ ಅಕ್ಷರವಿಲ್ಲದ ಕಂಪ್ಯೂಟರಿನಲ್ಲಿ ಗೀಚುಗಳ ಸಾಲಾಗಿ ತೆರೆದುಕೊಳ್ಳುತ್ತದೆ, ಆಯ್ಕೆ ಸಮಿತಿಯವರು ಅದನ್ನು ಹೊಸ ಪ್ರಯೋಗವೆಂದೇನೂ ತಿಳಿಯುವುದಿಲ್ಲ. ಮೊದಲ ಪುಟದಲ್ಲಿ ಪಾತ್ರಗಳ ಪಟ್ಟಿ, ಅಂದಾಜು ಸಮಯ, ರಂಗಕ್ಕೆ ಬೇಕಾದ ಸಾಮಾನು, ನಿಮ್ಮ ಫೋನ್ ಸಂಖ್ಯೆ ಇರಲಿ.

ತಂಡಕ್ಕೆ ಅನುಮತಿ ಪತ್ರವನ್ನು ಬರಹದಲ್ಲೇ ಕೊಡಿ: ಯಾವ ಉತ್ಸವಕ್ಕೆ, ಎಷ್ಟು ಪ್ರದರ್ಶನಕ್ಕೆ, ಮಾತು ಕಡಿಯುವುದಿದ್ದರೆ ಯಾರನ್ನು ಕೇಳಬೇಕು, ಗೌರವಧನ ಎಷ್ಟು. "ನಮ್ಮೂರ ಹುಡುಗರಲ್ವಾ" ಎಂದು ಗೌರವಧನದ ಸಾಲನ್ನು ಖಾಲಿ ಬಿಡುವವರೇ ಹೆಚ್ಚು. ನೂರು ರೂಪಾಯಿ ಎಂದಾದರೂ ಬರೆಯಿರಿ. ಬೆಳಕಿನವರಿಗೆ, ಮೈಕಿನವರಿಗೆ, ಶಾಮಿಯಾನದವರಿಗೆ ಕೊಡುವ ತಂಡ ಬರೆದವರಿಗೆ ಮಾತ್ರ ಶಾಲು ಹೊದಿಸಿ ಕಳಿಸುವುದು ಸರಿಯಲ್ಲ.

ತಾಲೀಮಿನಲ್ಲಿ ನಾಟಕಕಾರರ ಜಾಗ

ಮೊದಲ ಓದಿಗೆ ಹೋಗಿ. ಆಮೇಲೆ ಒಂದು ವಾರ ಹೋಗಬೇಡಿ. ನಟರು ಮಾತನ್ನು ಬಾಯಿಗೆ ಹತ್ತಿಸಿಕೊಳ್ಳುವ ಕಾಲದಲ್ಲಿ ಬರೆದವರು ಎದುರಿಗೆ ಕೂತು ತುಟಿ ಅಲ್ಲಾಡಿಸುತ್ತಿದ್ದರೆ ಯಾರಿಗೂ ಸುಖವಿಲ್ಲ. ಮತ್ತೆ ಹೋದಾಗ ಹೇಳುವುದನ್ನೆಲ್ಲ ನಿರ್ದೇಶಕರಿಗೇ ಹೇಳಿ, ತಾಲೀಮು ಮುಗಿದ ಮೇಲೆ, ಪಕ್ಕಕ್ಕೆ ಕರೆದು. ನಟರಿಗೆ ನೇರವಾಗಿ "ಇದು ಹೀಗಲ್ಲ" ಎಂದಿರೋ, ಮಾರನೆಯ ದಿನದಿಂದ ಆ ತಂಡಕ್ಕೆ ಇಬ್ಬರು ನಿರ್ದೇಶಕರು.

ಹಾಗೆಂದು ಬಾಯಿ ಕಟ್ಟಿಕೊಂಡು ಕೂರಬೇಕಿಲ್ಲ. ನಿಮ್ಮ ಕಣ್ಣಿಗೆ ಮಾತ್ರ ಕಾಣುವ ಸಂಗತಿಗಳಿವೆ. ನಟಿ ಒಂದು ಸಾಲನ್ನು ದಿನವೂ ಮರೆಯುತ್ತಿದ್ದರೆ, ತಪ್ಪು ನೆನಪಿನದ್ದಲ್ಲ, ಸಾಲಿನದ್ದೇ ಇರಬಹುದು. ಅದರ ಹಿಂದಿನ ಮಾತಿನಿಂದ ಅದು ಹುಟ್ಟುತ್ತಿಲ್ಲ. ಕಿತ್ತುಹಾಕಿ ನೋಡಿ. ನಟರು ತಾವಾಗಿ ಸೇರಿಸಿದ ಮಾತು ನಿಮ್ಮದಕ್ಕಿಂತ ಚೆನ್ನಾಗಿದ್ದರೆ ನಾಚದೆ ಹಸ್ತಪ್ರತಿಗೆ ಸೇರಿಸಿಕೊಳ್ಳಿ. ನಗು ಬರಿಸಲು ಸೇರಿಸಿದ್ದಾದರೆ ನಿರ್ದೇಶಕರ ಕಿವಿಯಲ್ಲಿ ಹೇಳಿ ತೆಗೆಸಿ. ಪ್ರದರ್ಶನಕ್ಕೆ ಹತ್ತು ದಿನ ಇರುವಾಗ ಹಸ್ತಪ್ರತಿಗೆ ಬೀಗ ಹಾಕಬೇಕು. ಆಮೇಲೆ ಹೊಳೆದದ್ದು ಎಷ್ಟೇ ಚೆನ್ನಾಗಿರಲಿ, ಮುಂದಿನ ಪ್ರದರ್ಶನಕ್ಕೆ.

ಸಾಮಾನಿನ ಬಗ್ಗೆ ಒಂದು ಮಾತು. ಹಣ್ಣು ತುಂಬಿದ ಚೀಲ ಎಷ್ಟು ಭಾರವೆಂದು ನಮ್ಮ ಪ್ರೇಕ್ಷಕರಿಗೆ ಬೆನ್ನಿನ ಅನುಭವವಿದೆ. ಚೀಲಕ್ಕೆ ಹೊಟ್ಟು ತುಂಬಿಸಿ ನಟಿ ಅದನ್ನು ದಿಂಬಿನಂತೆ ಎತ್ತಿದರೆ ನಾಟಕ ಅಲ್ಲಿಗೇ ಮುಗಿಯಿತು. ಪೂರ್ತಿ ಭಾರ ಬೇಡ, ಅಡಿಗೆ ಒಂದಿಷ್ಟು ಮರಳು ಹಾಕಿ ಮೇಲೆ ಹೊಟ್ಟು ತುಂಬಿ, ತಾಲೀಮಿನ ಮೊದಲ ವಾರದಿಂದಲೇ ಅದೇ ಚೀಲ ಬಳಸಿ.

ಮಳೆಗಾಲದ ತಾಲೀಮಿನಲ್ಲಿ ಕಾಗದ ಮುದ್ದೆಯಾಗುತ್ತದೆ, ಹಸ್ತಪ್ರತಿಗಳಿಗೆ ಪ್ಲಾಸ್ಟಿಕ್ ಕವರ್ ಹಾಕಿ. ತಬಲ, ಮದ್ದಳೆಯ ಚರ್ಮ ಥಂಡಿಗೆ ಸಡಿಲವಾಗಿ ಶ್ರುತಿ ಇಳಿಯುತ್ತದೆ. ಒಗೆದ ಬಟ್ಟೆ ಮೂರು ದಿನವಾದರೂ ಒಣಗದು, ಹಾಗಾಗಿ ರಂಗದ ಉಡುಪನ್ನು ಕೊನೆಯ ವಾರ ಒಗೆಯಲು ಹೋಗಬೇಡಿ.

ಸಭಾಂಗಣವನ್ನು ಹೋಗಿ ನೋಡಿ

ನಮ್ಮಲ್ಲಿ ನಾಟಕಕ್ಕೆಂದೇ ಕಟ್ಟಿದ ರಂಗಮಂದಿರ ಕಡಿಮೆ. ಸಿಗುವುದು ಕೊಡವ ಸಮಾಜ, ಗೌಡ ಸಮಾಜ, ಸಮುದಾಯ ಭವನ, ಕಾಲೇಜಿನ ಸಭಾಂಗಣ. ಮದುವೆ ಮಂಟಪದ ವೇದಿಕೆ ಅಗಲವಿರುತ್ತದೆ, ಆಳವಿರುವುದಿಲ್ಲ. ವಧೂವರರ ಎರಡು ಕುರ್ಚಿಗೆ ಸಾಕು, ನಾಲ್ಕು ನಟರು ಒಬ್ಬರ ಹಿಂದೊಬ್ಬರು ಹಾದುಹೋಗಲು ಸಾಲದು. ಸೈಡ್ ವಿಂಗ್ ಇರುವುದಿಲ್ಲ. ಹೊರಗೆ ಹೋದ ನಟ ಎಲ್ಲಿ ನಿಲ್ಲಬೇಕು? ಟೇಪು ತೆಗೆದುಕೊಂಡು ಹೋಗಿ ಅಳೆಯಿರಿ, ತಾಲೀಮಿನ ಕೋಣೆಯಲ್ಲಿ ಸುಣ್ಣದಲ್ಲಿ ಅದೇ ಅಳತೆ ಎಳೆದುಕೊಳ್ಳಿ.

ಶೀಟು ಹೊದಿಸಿದ ಮಾಡಾದರೆ ಮಳೆಯ ಸದ್ದನ್ನೂ ಒಂದು ಪಾತ್ರವೆಂದೇ ತಿಳಿಯಿರಿ. ಜೋರು ಮಳೆಗೆ ಯಾವ ಕಂಠವೂ ನಿಲ್ಲುವುದಿಲ್ಲ. ಪಿಸುಮಾತಿನಲ್ಲಿ ನಡೆಯುವ ಮುಖ್ಯ ದೃಶ್ಯವಿದ್ದರೆ ಅದು ಮಾತಿಲ್ಲದೆಯೂ ಅರ್ಥವಾಗುವಂತೆ ಒಂದು ಕ್ರಿಯೆ ಇಟ್ಟಿರಬೇಕು. ಹೆಂಗಸು ಲೆಕ್ಕದ ಪುಸ್ತಕ ಕಸಿದುಕೊಂಡು ಮಗಳ ಕೈಗೆ ಕೊಡುವುದು ಮಳೆಯಲ್ಲೂ ಕಾಣುತ್ತದೆ. ಮೈಕು ನೆಲಕ್ಕಿಟ್ಟದ್ದೋ ಮೇಲಿಂದ ತೂಗುಬಿಟ್ಟದ್ದೋ ಕೇಳಿಕೊಳ್ಳಿ. ನೆಲದ ಮೈಕಿಗೆ ಚೀಲ ಎಳೆದ ಸದ್ದು ಮಾತಿಗಿಂತ ಜೋರಾಗಿ ಕೇಳಿಸುತ್ತದೆ.

ಬೆಳಕಿಗೆ ಉತ್ಸವದವರು ಎಲ್ಲ ತಂಡಗಳಿಗೂ ಒಂದೇ ಜೋಡಣೆ ಕೊಡುತ್ತಾರೆ. ನಿಮ್ಮ ನಾಟಕ ಸಾಮಾನ್ಯ ಬೆಳಕು, ಸಂಜೆಯ ಬಣ್ಣ, ಒಂದು ಸ್ಪಾಟ್ ಇಷ್ಟರಲ್ಲಿ ನಡೆಯುವಂತಿರಲಿ. ಕರೆಂಟು ಹೋಗಿ ಜನರೇಟರ್ ಹೊತ್ತಿಕೊಳ್ಳುವ ನಡುವಿನ ಹೊತ್ತಿನಲ್ಲಿ ನಟರು ಏನು ಮಾಡಬೇಕೆಂದು ಮೊದಲೇ ನಿರ್ಧರಿಸಿ. ಇದ್ದಲ್ಲೇ ನಿಂತು, ಬೆಳಕು ಬಂದಾಗ ಹಿಂದಿನ ಎರಡು ಮಾತಿನಿಂದ ಮುಂದುವರಿಯುವುದು ಒಳ್ಳೆಯದು. ಕಣದ ನಾಟಕದಂಥದ್ದಕ್ಕೆ ಒಂದು ಲಾಟೀನು ರಂಗದ ಮೇಲೇ ಇದ್ದರೆ ಇನ್ನೂ ಒಳ್ಳೆಯದು.

ಪ್ರದರ್ಶನದ ದಿನ

ನಿರೂಪಕರಿಗೆ ನಾಲ್ಕು ಸಾಲಿನ ಪರಿಚಯವನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೈಗೆ ಕೊಡಿ. ನಾಟಕದ ಹೆಸರು, ರಚನೆ, ನಿರ್ದೇಶನ, ತಂಡ. ಕಥೆ ಹೇಳಬೇಡಿರೆಂದು ಬಾಯಿಬಿಟ್ಟು ಕೇಳಿಕೊಳ್ಳಿ, ಇಲ್ಲದಿದ್ದರೆ ಅಂತ್ಯವನ್ನೂ ಸೇರಿಸಿ ಹೇಳಿ ಶುಭ ಹಾರೈಸುತ್ತಾರೆ.

ಗ್ರೀನ್ ರೂಮಿಗೆ ಒಮ್ಮೆ ಹೋಗಿ ಎಲ್ಲರನ್ನೂ ಮಾತಾಡಿಸಿ ಹೊರಬನ್ನಿ. ಕೊನೆಯ ಗಳಿಗೆಯ ಸಲಹೆ ಯಾರಿಗೂ ಕೊಡಬೇಡಿ. ಮೊದಲ ಸಾಲಿನ ಗೌರವದ ಕುರ್ಚಿ ಕೊಟ್ಟರೆ ನಯವಾಗಿ ತಪ್ಪಿಸಿಕೊಂಡು ಹಿಂದಿನ ಸಾಲಿನ ಪಕ್ಕದಲ್ಲಿ ಕೂತುಕೊಳ್ಳಿ. ರಂಗ ನಿಮಗೆ ಗೊತ್ತಿದೆ, ನೋಡಬೇಕಾದದ್ದು ತಲೆಗಳನ್ನು. ಬೇಸರವಾದ ಸಭೆ ಮೊದಲು ಕೆಮ್ಮುತ್ತದೆ, ಆಮೇಲೆ ಕುರ್ಚಿ ಕಿರುಗುಟ್ಟುತ್ತದೆ, ಆಮೇಲೆ ಅಲ್ಲೊಂದು ಇಲ್ಲೊಂದು ಫೋನಿನ ಬೆಳಕು ಹೊತ್ತುತ್ತದೆ. ಯಾವ ಮಾತಿನ ಹೊತ್ತಿಗೆ ಹೀಗಾಯಿತೆಂದು ಚೀಟಿಯಲ್ಲಿ ಒಂದೇ ಪದ ಬರೆದುಕೊಳ್ಳಿ. ನೀವು ನಗು ನಿರೀಕ್ಷಿಸದ ಕಡೆ ನಗು ಬಂದರೆ ಅದನ್ನೂ. ವಿಡಿಯೋ ಮಾಡಿಸುವುದಿದ್ದರೆ ಕ್ಯಾಮೆರಾವನ್ನು ಸಭೆಯ ಸದ್ದೂ ಸಿಗುವಂತೆ ಹಿಂದೆ ಇಡಿಸಿ.

ಆಮೇಲೆ

ಸಂವಾದವಿದ್ದರೆ ನಾಟಕವನ್ನು ಸಮರ್ಥಿಸಿಕೊಳ್ಳಲು ಹೋಗಬೇಡಿ. "ಆ ಹೆಂಗಸು ಕೊನೆಗೆ ಪೊಲೀಸರಿಗೆ ದೂರು ಕೊಡಬೇಕಿತ್ತು" ಎಂದು ಒಬ್ಬರು ಹೇಳಿಯೇ ಹೇಳುತ್ತಾರೆ. ಅವರು ಬೇರೆ ನಾಟಕ ಬರೆಯುತ್ತಿದ್ದಾರೆ, ಬರೆದುಕೊಳ್ಳಲಿ. "ರೈಟರು ಮಗಳ ವಿಷಯ ಎತ್ತಿದ್ದು ಬೆದರಿಕೆಗಾ, ಕಾಳಜಿಗಾ?" ಎಂದು ಮೂರು ಜನ ಕೇಳಿದರೆ ಅದು ನಿಮ್ಮ ಕೆಲಸ, ಗುರುತು ಹಾಕಿಕೊಳ್ಳಿ. ಬಹುಮಾನದ ಪಟ್ಟಿಯಿಂದ ನಾಟಕದ ಬಗ್ಗೆ ತಿಳಿಯುವುದು ಕಡಿಮೆ. ತೀರ್ಪುಗಾರರು ಟಿಪ್ಪಣಿ ಕೊಡುವುದಾದರೆ ಬಹುಮಾನ ಬರದಿದ್ದರೂ ಹೋಗಿ ಕೇಳಿ ತನ್ನಿ.

ಒಂದು ವಾರದೊಳಗೆ, ಚೀಟಿಯ ಪದಗಳಿಗೆ ಅರ್ಥ ಉಳಿದಿರುವಾಗಲೇ, ಹಸ್ತಪ್ರತಿಯನ್ನು ತಿದ್ದಿ. ಮೊದಲ ಪುಟದಲ್ಲಿ ಮೊದಲ ಪ್ರದರ್ಶನದ ದಿನಾಂಕ, ಊರು, ನಿರ್ದೇಶಕರು, ಯಾವ ಪಾತ್ರ ಯಾರು ಮಾ​ಡಿದರು, ಸಂಗೀತ, ಬೆಳಕು ಎಲ್ಲವನ್ನೂ ಸೇರಿಸಿ. ಮುಂದೆ ಅಚ್ಚಾಗುವ ಕಾಲಕ್ಕೆ ಇದನ್ನು ನೆನಪಿನಿಂದ ಬರೆಯಲಾಗುವುದಿಲ್ಲ, ಯಾರದೋ ಹೆಸರು ಬಿಟ್ಟುಹೋಗುತ್ತದೆ.

ಕಣದ ನಾಟಕದಂತೆ ಸದ್ದಿಗೆ ಕೆಲಸವಿರುವ ಕೃತಿಯಾದರೆ ಬಾನುಲಿಗೆ ಒಗ್ಗಿಸಿ ಮಡಿಕೇರಿ ಆಕಾಶವಾಣಿಯನ್ನೂ ವಿಚಾರಿಸಬಹುದು. ಆಗ "ತಕ್ಕಡಿ ನೋಡದೆ" ಎಂಬ ಸೂಚನೆ ಕೇಳುಗರಿಗೆ ಕಾಣುವುದಿಲ್ಲ, ಅದಕ್ಕೆ ಬೇರೆ ದಾರಿ ಹುಡುಕಬೇಕು: ಪುಸ್ತಕದ ಪುಟ ತಿರುವಿದ ಸದ್ದು ತಕ್ಕಡಿಯ ಸದ್ದಿಗಿಂತ ಮುಂಚೆ ಬಂದರೆ ಆದೀತು. ಮೈಸೂರಿನದೋ ಮಂಗಳೂರಿನದೋ ತಂಡ ಕೇಳಿದರೆ ಅನುಮತಿ ಪತ್ರವನ್ನು ಹೊಸದಾಗಿ ಬರೆಯಿರಿ, ಗೌರವಧನವನ್ನು ಸ್ವಲ್ಪ ಏರಿಸಿ. ನಾಟಕದಲ್ಲಿ ಸಾವಿನ ಎರಡು ಗುಂಡು ಇದ್ದರೆ ಅದರ ಅರ್ಥ ಅಲ್ಲಿಯ ಸಭೆಗೆ ತಾನಾಗಿ ತಿಳಿಯುವುದಿಲ್ಲ. ಹಾಗೆಂದು ಕರಪತ್ರದಲ್ಲಿ ಅಡಿಟಿಪ್ಪಣಿ ಹಾಕಿಸಬೇಡಿ. ಮೊದಲ ಐದು ನಿಮಿಷದೊಳಗೆ ಯಾವುದೋ ಮನೆಯಲ್ಲಿ ಮಗು ಹುಟ್ಟಿ ಒಂದು ಗುಂಡು ಹಾರಲಿ, ಮೇಸ್ತ್ರಿ ತಲೆಯೆತ್ತಿ "ಗಂಡು" ಎನ್ನಲಿ.